ಮಾವನ ಲ್ಯಾಪ್‌ಟಾಪಿಗೆ ಅತ್ತೆ ಹಾಕಿದ ಬೀಗ

ತನ್ನ ಲ್ಯಾಪ್‌ಟಾಪಿನ ಪಾಸ್‌ವರ್ಡು ತನಗೇ ಗೊತ್ತಾಗಬಾರದು ಎಂದು ಹಟ ಹಿಡಿದು ಕೂತ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಒಬ್ಬರು. ಅವರು ನನ್ನ ಸೋದರಮಾವ! ನೀವು ನಗಬಹುದು. ನಾವೂ ನಕ್ಕಿದ್ದೇವೆ. ಅತ್ತೆ ಇರುವವರೆಗೆ ಧಾರಾಳವಾಗಿ ನಕ್ಕಿದ್ದೇವೆ.

ಮಾವ ಸರ್ಕಾರಿ ಖಜಾನೆಯಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಖಜಾನೆ ಅವರನ್ನು ಬಿಟ್ಟರೂ ಅವರು ಖಜಾನೆಯನ್ನು ಬಿಡಲಿಲ್ಲ. ಕೃಷ್ಣಮೂರ್ತಿಪುರಂನ ವಠಾರದ ಆ ಮನೆಯಲ್ಲಿ ಬೀಗವಿಲ್ಲದ್ದು ಅತ್ತೆಯ ಬಾಯಿ ಒಂದೇ. (ಇದು ಮಾವನದೇ ಮಾತು, ನನ್ನ ಮೇಲೆ ಕೋಪಿಸಿಕೊಳ್ಳಬೇಡಿ.) ಹೊರಗೆ ಹೊರಟರೆ ಬಾಗಿಲಿಗೆ ಬೀಗ ಹಾಕಿ, ಜಗ್ಗಿ, ಮೈಭಾರವನ್ನೆಲ್ಲ ಬಿಟ್ಟು ಜೋತುಬಿದ್ದು ನೋಡಿ, ಬೀದಿಯ ತಿರುವಿನವರೆಗೆ ಹೋದವರು ವಾಪಸ್ ಬಂದು ಮತ್ತೊಮ್ಮೆ ಜಗ್ಗುತ್ತಿದ್ದರು. ಕೊನೆಗೆ ಆ ಬೀಗ ಕಿತ್ತು ಬಂದಿದ್ದು ಕಳ್ಳನ ಕೈಗಲ್ಲ, ಮಾವನ ಕೈಗೆ!

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾದ ಮೇಲೆ, ಯಾರೋ ಪರಿಚಯದವರಿಂದ ಒಂದು ಹಳೇ ಲ್ಯಾಪ್‌ಟಾಪ್ ಕೊಂಡರು. ಕೊಂಡು ಮಾಡಿದ ಮೊದಲ ಕೆಲಸವೇನು ಗೊತ್ತೇ? ದಿನಸಿ ಅಂಗಡಿಗೆ ಒಯ್ದು ತಕ್ಕಡಿಯಲ್ಲಿಟ್ಟು ತೂಗಿಸಿದ್ದು!

"ನಾಳೆ ಯಾವನಾದ್ರೂ ಒಳಗಿನ ಸಾಮಾನು ಕಿತ್ಕೊಂಡ್ರೆ ಗೊತ್ತಾಗ್ಬೇಕಲ್ಲಮ್ಮ?" ಎಂದರು.

ಕಂಪ್ಯೂಟರ್ ಕ್ಲಾಸಿಗೆ ಹೋಗಿ ಬಂದಿದ್ದ ನಾನೇ ಮನೆಮಂದಿಗೆಲ್ಲ ಪಂಡಿತೆ. ಪಾಸ್‌ವರ್ಡ್ ಇಡೋಣ, ಏನಿಡಲಿ ಎಂದು ಕೇಳಿದೆ. ಮಾವ ಎರಡೂ ಕಿವಿ ಮುಚ್ಚಿಕೊಂಡರು.

"ನಂಗ್ ಹೇಳ್ಬೇಡ ಕಣಮ್ಮ! ನನ್ನ ಬಾಯಲ್ಲಿ ಗುಟ್ಟು ನಿಲ್ಲಲ್ಲ. ಕ್ಷೌರದಂಗಡೀಲಿ ಕೂತ್ರೆ ಎಲ್ಲಾ ಹೇಳ್ಬುಡ್ತೀನಿ. ನಿಮ್ಮತ್ತೆ ಇಟ್ಕೊಳ್ಲಿ."

ಅತ್ತೆಗೆ ಹೇಗೆ ಒತ್ತಬೇಕೆಂದು ತೋರಿಸಿಕೊಟ್ಟೆ. ತೋರಿಸಿದ ತಕ್ಷಣ ನನ್ನನ್ನೂ ಕೋಣೆಯಿಂದ ಹೊರಗೆ ಹಾಕಿದರು. ಅಂದಿನಿಂದ ದಿನವೂ ಬೆಳಿಗ್ಗೆ ಅದೇ ನಾಟಕ. ಮಾವ ಲ್ಯಾಪ್‌ಟಾಪ್ ಹಚ್ಚಿ ಕೂಗುವುದು, ಅತ್ತೆ ಸೆರಗಿಗೆ ಕೈ ಒರೆಸುತ್ತಾ ಅಡುಗೆಮನೆಯಿಂದ ಬರುವುದು, "ಆ ಕಡೆ ತಿರುಗಿ" ಎನ್ನುವುದು. ಖಜಾನೆಯ ಮಾವ ಶಾಲೆಯ ಹುಡುಗನಂತೆ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ಅತ್ತೆ ಅರಿಶಿನದ ಬೆರಳಲ್ಲೇ ಟಕಟಕ ಒತ್ತಿ, "ಹ್ಞೂಂ, ತಿರುಗಬಹುದು" ಎಂದು ಅಪ್ಪಣೆ ಕೊಡುತ್ತಿದ್ದರು. ಆ "ಹ್ಞೂಂ"ನಲ್ಲಿ ಎಷ್ಟು ಗತ್ತಿತ್ತು! ನೆನೆದರೆ ಈಗಲೂ ಅತ್ತೆ ಬೇಕು ಅನ್ನಿಸುತ್ತದೆ.

ಒಮ್ಮೆ ಅತ್ತೆ ಕೆಲವು ದಿನಗಳ ಮಟ್ಟಿಗೆ ತಂಗಿಯ ಮನೆಗೆ ಹೋಗಬೇಕಾಯಿತು. ಮಾವನಿಗೆ ಸಾರು ಮಾಡುವುದನ್ನು ಹೇಳಿಕೊಟ್ಟು ಹೇಳಿಕೊಟ್ಟು ಅತ್ತೆಯ ಗಂಟಲು ಒಣಗಿದ ಮೇಲೆ, ನಾನು ಅವರ ಮಾತನ್ನು ಲ್ಯಾಪ್‌ಟಾಪಿನಲ್ಲೇ ಧ್ವನಿಮುದ್ರಣ ಮಾಡಿಟ್ಟೆ. ಆರಿಸಬೇಡಿ ಎಂದು ಹೇಳಿ, ಲ್ಯಾಪ್‌ಟಾಪ್ ತೆರೆದಿಟ್ಟೇ ಅತ್ತೆ ಹೊರಟರು. ಪಾಠ ಕೇಳಿಸಿಕೊಂಡೂ ಮಾವ ಸಾರಿಗೆ ಉಪ್ಪು ಮರೆತರು, ಆ ಮಾತು ಬೇರೆ. ಅತ್ತೆಯ ದನಿ ಎಂದು ನಮ್ಮಲ್ಲಿ ಉಳಿದದ್ದು ಅದೊಂದೇ ಎಂದು ಆಗ ಯಾರಿಗೆ ಗೊತ್ತಿತ್ತು?

ಮುಂದಿನ ಮಳೆಗಾಲದ ಒಂದು ಬೆಳಿಗ್ಗೆ ಅತ್ತೆ ಎಂದಿನಂತೆ ಮಾವನನ್ನು ಗೋಡೆಗೆ ತಿರುಗಿಸಿ, ಲ್ಯಾಪ್‌ಟಾಪ್ ತೆರೆದುಕೊಟ್ಟು, ಅಡುಗೆಮನೆಗೆ ಹೋದರು. ಅಲ್ಲೇ ಕುಸಿದರು. ಆಸ್ಪತ್ರೆಗೆ ತಲುಪುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಪಾಸ್‌ವರ್ಡೂ ಅವರ ಜೊತೆಗೇ ಹೋಯಿತು.

ಆ ದಿನ ಹಚ್ಚಿದ್ದ ಲ್ಯಾಪ್‌ಟಾಪನ್ನು ಮಾವ ಆಮೇಲೆ ಆರಿಸಲೇ ಇಲ್ಲ. ಆರಿಸಿದರೆ ಅದು ಪಾಸ್‌ವರ್ಡ್ ಕೇಳುತ್ತದೆ. ಕೇಳಿದರೆ ಹೇಳುವವರು ಯಾರು? ಜನ ನಂದಾದೀಪಕ್ಕೆ ಎಣ್ಣೆ ಹೊಯ್ದರೆ ಮಾವ ಲ್ಯಾಪ್‌ಟಾಪಿಗೆ ಕರೆಂಟು ಹೊಯ್ದರು. ಕರೆಂಟು ಹೋಗುವ ಹೊತ್ತಿಗೆ ಸರಿಯಾಗಿ, ಕರೆಂಟಿರುವ ನೆಂಟರ ಮನೆ ಹುಡುಕಿಕೊಂಡು ಆಟೋ ಹತ್ತುತ್ತಿದ್ದರು. ಯಾರ ಮನೆಗೆ ಹೋದರೂ "ಚೆನ್ನಾಗಿದ್ದೀರಾ" ಎನ್ನುವ ಮೊದಲೇ "ಪ್ಲಗ್ ಪಾಯಿಂಟ್ ಎಲ್ಲಿದೆ?" ಎನ್ನುತ್ತಿದ್ದರು. ದಿನವೂ ಸಾರು ಕುದಿಯುವಾಗ ಆ ಪಾಠ ಹಾಕಿಕೊಳ್ಳುತ್ತಿದ್ದರು. ಬಾಯಿಪಾಠವಾಗಿತ್ತು, ಆದರೂ ಹಾಕಿಕೊಳ್ಳುತ್ತಿದ್ದರು. ಉಪ್ಪನ್ನು ಮಾತ್ರ ಆಗಲೂ ಮರೆಯುತ್ತಿದ್ದರು.

ಹೀಗಿರುವಾಗ ಲಕ್ಷ್ಮೀಪುರಂನ ಒಂದು ಛತ್ರದಲ್ಲಿ ಮದುವೆ. ಮಾವ ಲ್ಯಾಪ್‌ಟಾಪಿನೊಂದಿಗೇ ಬಂದರು. ಊಟದ ಮನೆಯ ಪಕ್ಕ ಪ್ಲಗ್ ಹುಡುಕಿ ಸಿಕ್ಕಿಸಿದರು. ಬೆಂಚಿನ ಕಾಲಿಗೆ ಸೈಕಲ್ ಚೈನು ಸುತ್ತಿ, ಬೀಗ ಹಾಕಿ, ಜಗ್ಗಿ, ಜೋತುಬಿದ್ದು, ಆಮೇಲೆ ಪಂಕ್ತಿಗೆ ಕೂತರು. ಹೋಳಿಗೆ ಮುಗಿಸಿ ಬಂದು ನೋಡುತ್ತಾರೆ: ಚೈನು ಭದ್ರ, ಬೀಗ ಭದ್ರ, ಬೆಂಚು ಭದ್ರ. ಚೈನು ತೂರಿಸಿದ್ದು ಲ್ಯಾಪ್‌ಟಾಪ್ ತಂದ ಬ್ಯಾಗಿನ ಹಿಡಿಗೆ. ಅದೂ ಭದ್ರ. ಲ್ಯಾಪ್‌ಟಾಪ್ ಮಾತ್ರ ಇಲ್ಲ!

ನೆಂಟರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಾನು ನಗಲಿಲ್ಲ. ಮಾವ ಬರೀ ಚಾರ್ಜರಿನ ವೈರನ್ನು ಕೈಗೆ ಸುತ್ತಿಕೊಂಡು, "ಆರಿಹೋಗುತ್ತಲ್ಲಮ್ಮ... ಇಷ್ಟೊತ್ತಿಗೆ ಆರಿಹೋಗುತ್ತಲ್ಲ..." ಎನ್ನುತ್ತಿದ್ದರು.

ಆಮೇಲೆ ಅವರು ಸಾರು ಮಾಡುವುದನ್ನೇ ಬಿಟ್ಟರು. ನಾನು ಒಯ್ದು ಕೊಟ್ಟರೆ ತಿನ್ನುತ್ತಿದ್ದರು, ಇಲ್ಲದಿದ್ದರೆ ಮೊಸರನ್ನ. ಬೀಗ ಜಗ್ಗುವುದೂ ನಿಂತಿತು. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಕೆಲವು ವಾರಗಳ ನಂತರ, ನಾವು ದೂರು ಕೊಟ್ಟಿದ್ದ ಪೊಲೀಸ್ ಠಾಣೆಯಿಂದ ಕರೆ ಬಂತು. ಲಷ್ಕರ್ ಮೊಹಲ್ಲಾದ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಒಂದು ಲ್ಯಾಪ್‌ಟಾಪ್ ಸಿಕ್ಕಿದೆ, ಬಂದು ಗುರುತಿಸಿ ಎಂದರು. ನಾನೂ ಜೊತೆಗೆ ಹೋದೆ. ಮಾವ ಅದನ್ನೆತ್ತಿ ಮೊದಲು ಮೂಸಿ ನೋಡಿದರು. ಆಮೇಲೆ ಕೀಲಿಮಣೆಯ ಮೇಲಿನ ಸಾಲಿನಲ್ಲಿ ಅಕ್ಕಪಕ್ಕದ ಎರಡು ಗುಂಡಿಗಳ ಮೇಲಿದ್ದ ಹಳದಿ ಕಲೆ ತೋರಿಸಿ, "ನಮ್ದೇ ಸಾರ್. ಅರಿಶಿನ ನೋಡಿ" ಎಂದರು.

"ಅರಿಶಿನ ಎಲ್ಲಾರ ಮನೇಲೂ ಇರ್ತದೆ ಯಜಮಾನ್ರೇ. ಪಾಸ್‌ವರ್ಡ್ ಹೇಳಿ."

"ಗೊತ್ತಿಲ್ಲ."

"ನಿಮ್ದೇ ಅಂತೀರ, ಪಾಸ್‌ವರ್ಡ್ ಗೊತ್ತಿಲ್ಲ ಅಂತೀರ. ಇನ್ಯಾರಿಗ್ ಗೊತ್ತು?"

"ನಮ್ಮನೆಯವ್ರಿಗೆ."

"ಮತ್ತೆ ಕರೀರಿ ಅವ್ರನ್ನ!"

ಮಾವ ಆ ಹಳದಿ ಕಲೆಯನ್ನೇ ಸವರುತ್ತಾ ನಿಂತರು. ಅತ್ತೆ ಈಗಿಲ್ಲ ಎಂದು ನಾನು ಹೇಳಿದೆ. ಪೊಲೀಸಿನವರು ಟೋಪಿ ತೆಗೆದು ಮೇಜಿನ ಮೇಲಿಟ್ಟು, ಸುಮ್ಮನೆ ಸಹಿ ಹಾಕಿಸಿಕೊಂಡು ಕಳಿಸಿಕೊಟ್ಟರು.

ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ ತಪಾಸಣೆ! ಮಡಿಸುವ ಕಡೆ ಸಡಿಲವಾಗಿದೆಯೇ, ಪರದೆಗೆ ಗೀರು ಬಿದ್ದಿದೆಯೇ, ಸ್ಕ್ರೂಗಳಲ್ಲಿ ಯಾವುದಾದರೂ ಹೊಸದೇ... ಭೂತಗನ್ನಡಿ ಹಿಡಿದು ಪರೀಕ್ಷಿಸಿದರು. ಅಷ್ಟಕ್ಕೂ ಸಮಾಧಾನವಾಗದೆ ಮತ್ತೆ ದಿನಸಿ ಅಂಗಡಿಯ ತಕ್ಕಡಿ! ಅಂಗಡಿಯವರು ತೂಗಿ, "ಸಾಸಿವೆಯಷ್ಟೂ ಕಮ್ಮಿ ಇಲ್ಲ ಬುಡಿ ಸ್ವಾಮಿ" ಎಂದರು. ಮಾವನ ಮುಖ ಅರಳಲಿಲ್ಲ. ದಾರಿಯಲ್ಲಿ ತಗ್ಗಿದ ದನಿಯಲ್ಲಿ ಕೇಳಿದರು:

"ಮಾತಿಗೆ ತೂಕ ಇರುತ್ತೇನಮ್ಮ? ಕಳ್ಳ ಅದನ್ನ ಅಳಿಸಿದ್ರೆ ತಕ್ಕಡಿಗೆ ಗೊತ್ತಾಗುತ್ತಾ?"

ನನ್ನ ಕಂಪ್ಯೂಟರ್ ಕ್ಲಾಸಿನಲ್ಲಿ ಆ ಪಾಠ ಇರಲಿಲ್ಲ.

ರಿಪೇರಿ ಅಂಗಡಿಯವನನ್ನು ಕೇಳಿದೆವು. "ಪಾಸ್‌ವರ್ಡ್ ತಾನೇ? ತೆಗ್ದ್ಬುಡ್ತೀನಿ ಸಾರ್. ಆದ್ರೆ ಒಳಗಿರೋದಕ್ಕೆ ಗ್ಯಾರಂಟಿ ಇಲ್ಲ" ಎಂದ. ಮಾವ ಲ್ಯಾಪ್‌ಟಾಪನ್ನು ಎದೆಗವುಚಿಕೊಂಡು ಎದ್ದೇಬಿಟ್ಟರು. "ಕಳ್ಳನೇ ಒಡೀದೆ ಬಿಟ್ಟ ಬೀಗ ಕಣಯ್ಯ ಇದು! ಅವಳು ಹಾಕಿದ್ದು. ನಾನ್ ಒಡೀಲಾ?"

ಮನೆಗೆ ಬಂದು ಚಾರ್ಜರ್ ಹಾಕಿ ಹಚ್ಚಿದೆ. ಪಾಸ್‌ವರ್ಡ್ ಕೇಳಿತು. ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ. ಒತ್ತಿದರೆ, ಅತ್ತೆ ಬರೆದಿಟ್ಟ ಸುಳಿವು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: "ನಿಮ್ಮ ಹೆಸರು."

ಮಾವ ಕುರ್ಚಿಯಿಂದ ನೆಗೆದರು. "ನನ್ನ ಹೆಸರು! ಹೊಡಿ, ಹೊಡಿ!"

ಮಾವನ ಹೆಸರಿನಲ್ಲಿ ಒಬ್ಬ ದೇವರು, ಒಬ್ಬ ಮುತ್ತಾತ, ಒಂದು ಊರು, ಕೊನೆಗೊಂದು ಮೂರ್ತಿ ಎಲ್ಲ ಇವೆ. ಊರು ಬಿಟ್ಟು ಹೊಡೆದೆ, ಮುತ್ತಾತನನ್ನು ಬಿಟ್ಟು ಹೊಡೆದೆ, ದೇವರಿಗೆ ಒತ್ತಕ್ಷರ ಕೊಟ್ಟೆ, ತೆಗೆದೆ. ತಪ್ಪು, ತಪ್ಪು, ತಪ್ಪು! ಮರುದಿನವೂ ಅದೇ. ಮಾವನಿಗೆ ತಮ್ಮ ಹೆಸರಿನ ಮೇಲೇ ಅನುಮಾನ ಬಂದು, ಪೆಟ್ಟಿಗೆಯಿಂದ ಜಾತಕ ತೆಗೆದು ಜನ್ಮನಾಮವನ್ನೂ ಹೇಳಿದರು. ಅದೂ ತಪ್ಪು. ನನಗೆ ಅಳು ಬರುವಂತಾಯಿತು. ಅತ್ತೆ ಬಾಗಿಲ ಆಚೆಯೇ ನಿಂತಿದ್ದಾರೆ, ನಮಗೆ ಚಿಲಕ ಸಿಗುತ್ತಿಲ್ಲ.

ಆಗ ಪಕ್ಕದ ಮನೆಯಾಕೆ ತಮ್ಮ ಗಂಡನನ್ನು ಕೂಗಿದರು. ವಠಾರದ ಗೋಡೆ ನಿಮಗೆ ಗೊತ್ತಲ್ಲ, ಸೀನಿದರೂ ಆಚೆ ಕೇಳುತ್ತದೆ.

"ರೀ... ನಲ್ಲಿ ಬಂತು ಕಣ್ರೀ!"

"ಬಂದೆ ಕಣೇ" ಎಂದು ಎದ್ದು ನಿಂತವರು ನಮ್ಮ ಮಾವ!

ಎದ್ದವರು ಹಾಗೇ ನಿಂತರು. ನಾನು ನಗಲು ಬಾಯಿ ತೆರೆದವಳು ಹಾಗೇ ಕೂತೆ. ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು. ನಮ್ಮತ್ತೆ ಜನ್ಮದಲ್ಲಿ ಒಮ್ಮೆಯಾದರೂ ಗಂಡನ ಹೆಸರು ಹೇಳಿದ್ದುಂಟೇ? ಮದುವೆಯಲ್ಲಿ ಒಗಟು ಕಟ್ಟಿ ಗಂಡನ ಹೆಸರು ಹೇಳು ಎಂದು ಎಲ್ಲರೂ ಪೀಡಿಸಿದಾಗಲೂ ತಲೆ ತಗ್ಗಿಸಿ ಕೂತ ಹೆಂಗಸು, ಯಂತ್ರಕ್ಕೆ ಹೇಳುತ್ತಾರೆಯೇ? ಅತ್ತೆಯ ಪಾಲಿಗೆ ಮಾವನ ಹೆಸರು ಒಂದೇ.

ಆರ್, ಐ ಎಂದು ಹೊಡೆದೆ. ತಪ್ಪು.

"ಅವಳು ದೀರ್ಘ ಎಳೀತಿದ್ಲು ಕಣಮ್ಮ," ಎಂದರು ಮಾವ. "ಎರಡು ಇ ಹಾಕು."

ಆರ್, ಇ, ಇ. ಅರಿಶಿನ ಹತ್ತಿದ್ದ ಆ ಎರಡೇ ಗುಂಡಿಗಳು. ತೆರೆದುಕೊಂಡಿತು!

ಅತ್ತೆ ಅಲ್ಲೇ ಇದ್ದರು. ಕಳ್ಳ ಮುಟ್ಟಿರಲಿಲ್ಲ. "ರೀ, ಬೇಳೆ ಬೆಂದ್ಮೇಲೆ ಉಪ್ಪು ಹಾಕಿ... ಮರೀಬೇಡಿ... ಕೇಳಿಸ್ತಾ?" ಮಾವ ಪ್ರತಿ ಮಾತಿಗೂ ತಲೆ ಆಡಿಸುತ್ತಾ ಕೂತರು. ಕಣ್ಣು ಒರೆಸಿಕೊಳ್ಳಲೂ ಇಲ್ಲ.

ನಾನು ಪಂಡಿತೆಯಲ್ಲವೇ, ಸುಮ್ಮನಿರಲಾರದೆ ಹೇಳಿದೆ: "ಮಾವ, ಕಳುವಾಗಿ ಬಂದ ಮೇಲೆ ಪಾಸ್‌ವರ್ಡ್ ಬದಲಾಯಿಸ್ಬೇಕು. ಇದು ಇಡೀ ಬೀದಿ ದಿನಾ ಕೂಗೋ ಪಾಸ್‌ವರ್ಡು!"

"ಇರ್ಲಿ ಬುಡು" ಎಂದರು. ಬೀಗಕ್ಕೆ ಜೋತುಬೀಳುವ ಮನುಷ್ಯ!

ಅತ್ತೆಯ ಮಾತಿನ ದನಿಯನ್ನು ಒಂದು ಸಿ.ಡಿ.ಗೆ ಇಳಿಸಿ, ಇನ್ನು ಭಯವಿಲ್ಲ ಎಂದು ಕೊಟ್ಟೆ. ಅದನ್ನು ಬೀರುವಿಗೆ ಹಾಕಿ ಬೀಗ ಜಡಿದರು, ಜಗ್ಗಿಯೂ ನೋಡಿದರು. ನನಗೆ ನೆಮ್ಮದಿಯಾಯಿತು. ಆದರೆ ಆಮೇಲೆ ಒಂದು ವಿಚಿತ್ರ ನೋಡಿದೆ. ಅಷ್ಟು ಕಾಲ ಲ್ಯಾಪ್‌ಟಾಪ್ ಆರಿಸಲು ಹೆದರುತ್ತಿದ್ದ ಮಾವ, ಈಗ ದಿನಕ್ಕೆ ಹಲವು ಸಲ ಆರಿಸುತ್ತಾರೆ, ಹಚ್ಚುತ್ತಾರೆ, ಮತ್ತೆ ಆರಿಸುತ್ತಾರೆ. ಹೀಗೆ ಮಾಡಿದರೆ ಕೆಟ್ಟು ಕೂರುತ್ತದೆ ಎಂದು ಗದರಿಸಿದೆ.

"ಆರಿಸಿದ್ರೆ ತಾನೇ ಅವಳು ಮತ್ತೆ ಕರೆಯೋದು?" ಎಂದರು.

ಮೊನ್ನೆ ಸಾರು ಕೊಡಲು ಹೋಗಿದ್ದೆ. ಲ್ಯಾಪ್‌ಟಾಪ್ ಪಾಸ್‌ವರ್ಡ್ ಕೇಳುತ್ತಾ ಕೂತಿತ್ತು. ಮಾವ ಬೆರಳೆತ್ತಿದವರು ನನ್ನನ್ನು ನೋಡಿ ತಡೆದರು.

"ಆ ಕಡೆ ತಿರುಗಮ್ಮ."

ನನಗೆ ಗೊತ್ತಿಲ್ಲದ ಪಾಸ್‌ವರ್ಡೇ ಅದು? ಆದರೂ ಸಾರಿನ ಪಾತ್ರೆ ಹಿಡಿದುಕೊಂಡು ಗೋಡೆಗೆ ಮುಖ ಮಾಡಿ ನಿಂತೆ. ಹಿಂದೆ ಮೂರು ಸಲ ಟಕ್ ಎಂದಿತು. ಆಮೇಲೆ, ತುಂಬಾ ಮೆಲ್ಲಗೆ, "ಬಂದೆ ಕಣೇ."