ತಿಮ್ಮರಾಜು ಸುರಿಸಿದ ಕೊಬ್ಬರಿ ಮಳೆ

ಮಗಳು ಭವ್ಯಶ್ರೀಯ ಆರತಕ್ಷತೆಯಲ್ಲಿ ಒಂದೇ ಒಂದು ಚೂರು ಬಣ್ಣದ ಕಾಗದವೂ ಹಾರಕೂಡದು! ತಿಪಟೂರಿನ ತಿಮ್ಮರಾಜು ಹೀಗೆಂದು ಘೋಷಿಸಿದಾಗ ಹೆಂಡತಿ ರಾಧಾಮಣಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು.

"ಈ ಹಾರಿಸೋ ಕಾಗದಕ್ಕೆ ಕನ್‌ಫೆಟ್ಟಿ ಅಂತಾರಲ್ಲ, ಹಂಗಂದ್ರೇನು ಗೊತ್ತೇನೇ? ಇಟಲಿ ಭಾಷೇಲಿ ಮಿಠಾಯಿ ಕಣೇ, ಮಿಠಾಯಿ!" ಎಂದರು, ಮೊಬೈಲನ್ನು ತಾಮ್ರಶಾಸನದಂತೆ ಎತ್ತಿ ಹಿಡಿದು. "ಹಬ್ಬದಲ್ಲಿ ಕೊತ್ತಂಬರಿ ಬೀಜಕ್ಕೆ, ಬಾದಾಮಿಗೆ ಸಕ್ಕರೆ ಪಾಕ ಸುತ್ತಿ ಜನದ ಮೇಲೆ ಎರಚ್ತಿದ್ರಂತೆ. ಆಮೇಲೆ ಖರ್ಚು ಜಾಸ್ತಿ ಅಂತ ಸುಣ್ಣದ ಉಂಡೆ ಎಸೆದ್ರಂತೆ. ಕಡೆಗೆ ಕಾಗದ! ಹೆಸರು ಮಾತ್ರ ಮಿಠಾಯಿದೇ ಉಳ್ಕಂತು. ಮೋಸ ಅಲ್ವೇನೇ ಇದು?"

"ಅವರ ಮೋಸ ಅವರಿಗಿರ್ಲಿ ಬುಡ್ರಿ. ಬೀಗರು ಕಾಗದ ಹಾರಿಸೋ ಮಿಷನ್‌ಗೆ ಆಗ್ಲೇ ಹೇಳ್ಬುಟ್ಟವ್ರೆ."

"ಹೇಳ್ಲಿ! ಮಿಷನ್ನು ಅವರದು, ಮದ್ದು ನಮ್ದು. ನಮ್ಮ ತೋಟದ ಕೊಬ್ಬರಿ ತುರಿ, ಬಣ್ಣದ ಪಾಕ!"

"ಗುಡ್ಸೋರು ಯಾರು?"

"ತಿನ್ನೋ ವಸ್ತೂನ ಯಾಕೆ ಗುಡ್ಸಬೇಕು? ಒಂದು ಚೂರು ನೆಲದಲ್ಲಿ ಉಳಿದ್ರೆ, ಬೀಗರ ಮುಂದೆ ನಾನೇ ಪೊರಕೆ ಹಿಡೀತೀನಿ!"

ಅಷ್ಟಕ್ಕೇ ಸುಮ್ಮನಾಗಿದ್ದರೆ ಪುಣ್ಯ. ಅದೇ ಶಪಥವನ್ನು ತುರುವೇಕೆರೆಯ ಬೀಗರು ದುರ್ಗಯ್ಯನವರಿಗೂ ಫೋನಿನಲ್ಲಿ ಒಪ್ಪಿಸಿಬಿಟ್ಟರು. ಇನ್ನು ಮಾನದ ಪ್ರಶ್ನೆ!

ಎರಡು ದಿನ ಕೊಬ್ಬರಿ ತುರಿದು ಅಡುಗೆಯವರ ಕೈ ಬಿದ್ದುಹೋಯಿತು. ಕೆಂಪು, ಹಳದಿ, ಹಸಿರು ಪಾಕದಲ್ಲಿ ಮಿಂದ ತುರಿ ನೋಡಲು ಚೆನ್ನಾಗಿಯೇ ಇತ್ತು. ಆದರೆ ಪಾಕ ಆರುವವರೆಗೆ ಕಾಯುವ ತಾಳ್ಮೆ ತಿಮ್ಮರಾಜು ಅವರಿಗೆ ಎಲ್ಲಿಂದ ಬರಬೇಕು? ಆರತಕ್ಷತೆಯ ದಿನ ಬೆಳಗ್ಗೆಯೇ ಮಿಷನ್ನಿನ ಕೊಳವೆಗೆ ಕೈಯಾರೆ ತುಂಬಿ, ಇನ್ನಷ್ಟು ಹಿಡಿಯಲಿ ಎಂದು ಗಟ್ಟಿಯಾಗಿ ಅದುಮಿದರು. ಸಂಜೆಯ ಹೊತ್ತಿಗೆ ಒಳಗೆ ಕೊಬ್ಬರಿ ಮಿಠಾಯಿಯ ಒನಕೆಯೊಂದು ತಯಾರಾಗಿತ್ತು.

ವಧೂವರರು ವೇದಿಕೆ ಹತ್ತಿದರು. ತಿಮ್ಮರಾಜು ಗುಂಡಿ ಒತ್ತಿದರು. ಮಿಷನ್ನು ಒಮ್ಮೆ ಕೆಮ್ಮಿತು. ಇನ್ನೊಮ್ಮೆ ನರಳಿತು. ಮೂರನೇ ಸಲಕ್ಕೆ ಢಮಾರ್! ಅರ್ಧ ಒನಕೆ ನೇರ ಹೋಗಿ ದುರ್ಗಯ್ಯನವರ ಮೈಸೂರು ಪೇಟದ ಮೇಲೆ ಕೂತಿತು. ಉಳಿದರ್ಧ ಚೂರುಚೂರಾಗಿ ಕೆಂಪು ಕಾರ್ಪೆಟ್ಟಿನ ತುಂಬ ಅಂಟಿತು. ಉಡುಗೊರೆ ಕೊಡಲು ಸಾಲು ನಿಂತವರ ಚಪ್ಪಲಿಗಳು ಅಲ್ಲಲ್ಲೇ ಉಳಿದವು, ಜನ ಮಾತ್ರ ಬರಿಗಾಲಲ್ಲಿ ಮುಂದೆ ಹೋದರು.

ದುರ್ಗಯ್ಯನವರು ಪೇಟ ತೆಗೆದರು, ಅದಕ್ಕಂಟಿದ್ದ ಮಿಠಾಯಿಯಿಂದ ಒಂದು ತುಂಡು ಮುರಿದರು, ನಿಧಾನವಾಗಿ ಅಗಿದರು.

"ರುಚಿಯಾಗೈತೆ ಬೀಗರೇ. ಆದ್ರೆ ಒಂದ್ಸಲ ನೆಲ ನೋಡ್ರಿ."

ತಿಮ್ಮರಾಜು ಎದೆ ಸೆಟೆಸಿ ನಿಂತರು. "ಇಟಲಿಯೋರು ಮೊದಲ್ನೇ ಸಲಕ್ಕೇ ಗೆದ್ದಿದ್ರೇನ್ರೀ? ತೆಂಗಿನ ಮುಂದೆ ಕಾಗದ ಯಾವ ಲೆಕ್ಕ! ನಮ್ಮ ತೆಂಗಲ್ಲಿ ಕೆಲ್ಸಕ್ಕೆ ಬಾರದ ವಸ್ತು ಒಂದಾದ್ರೂ ತೋರ್ಸಿ ನೋಡನ!"

ರಾಧಾಮಣಿ ಒಳಗೆ ಹೋಗಿ ಕಡ್ಡಿ ಪೊರಕೆಯೊಂದನ್ನು ತಂದು ಗಂಡನ ಕೈಗಿಟ್ಟರು.

"ತಗಳ್ರಿ, ಇದೂ ನಮ್ಮ ತೋಟದ್ದೇ."