ತೂತಿನ ಗಡಿಗೆ, ಬೆಳ್ಳಿಯ ತಂತಿ

ಕೈಯಲ್ಲಿ ಸೋಲ್ಡರಿಂಗ್ ಐರನ್ ಹಿಡಿದವರ ಮನೆಯಲ್ಲಿ ನಗೆಪಾಟಲಿಗೆ ಯಾವತ್ತೂ ಕೊರತೆಯಿಲ್ಲ. ಹಿಡಿದವಳು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವಳಾಗಿದ್ದರೆ ಕೇಳುವುದೇ ಬೇಡ. ಗೊತ್ತಿಲ್ಲದವರು ಒಂದು ತಪ್ಪು ಮಾಡುವ ಕಡೆ ಗೊತ್ತಿದ್ದವರು ಮೂರು ಮಾಡುತ್ತಾರೆ, ಅದೂ ಕಾರಣಸಮೇತ.

ನಾನು ನಂಜನಗೂಡಿನವಳು. ಮದುವೆಯಾಗಿ ಬೆಳಗಾವಿಗೆ ಬಂದೆ, ಇಲ್ಲೇ ಮುದುಕಿಯಾದೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಿವೃತ್ತಳಾದಾಗ ಜೊತೆಯ ಟೀಚರುಗಳಲ್ಲಿ ಕೆಲವರು ಕಾಶಿಗೆ ಹೋದರು, ಕೆಲವರು ಕಸೂತಿ ಹಿಡಿದರು. ನಾನು ಸ್ಪೀಕರ್ ಮಾಡಲು ಕೂತೆ. ನಮ್ಮ ಹಳೆಯ ಟೇಪ್ ರೆಕಾರ್ಡರಿನಲ್ಲಿ ಎಂಥ ದೊಡ್ಡ ಗಾಯಕರೂ ನೆಗಡಿಯಾದವರ ಹಾಗೆ ಹಾಡುತ್ತಿದ್ದರು. ನಾಲ್ಕು ಪುಸ್ತಕ ಓದಿದರೆ ನಾನೇ ಸರಿಮಾಡಬಹುದು ಅನಿಸಿತು.

೧. ಅಕ್ಕಿ ಡಬ್ಬಿ

ಬಿಡಿ ಸ್ಪೀಕರನ್ನು ಹಾಗೇ ಇಟ್ಟರೆ ದನಿ ತೆಳುವಾಗುತ್ತದೆ, ಅದನ್ನು ಮುಚ್ಚಿದ ಪೆಟ್ಟಿಗೆಯೊಳಗೆ ಕೂರಿಸಬೇಕು, ಒಳಗೆ ಹತ್ತಿ ತುಂಬಬೇಕು ಎಂದು ಪುಸ್ತಕ ಹೇಳಿತ್ತು. ಪೆಟ್ಟಿಗೆಯ ಬದಲು ತಗಡಿನ ಅಕ್ಕಿ ಡಬ್ಬಿ ಸಿಕ್ಕಿತು. ಹತ್ತಿಯೂ ಹುಡುಕದೆ ಕೈಗೆ ಸಿಕ್ಕಿತು.

ಮಧ್ಯಾಹ್ನದ ವಾರ್ತೆಯ ಹೊತ್ತಿಗೆ ಸರಿಯಾಗಿ ರೇಡಿಯೋದ ತಂತಿಯನ್ನು ಅದಕ್ಕೆ ಜೋಡಿಸಿ ನಮ್ಮ ಮನೆಯವರನ್ನು ಕರೆದೆ. ಅವರು ಅಪ್ಪಟ ಬೆಳಗಾವಿಯವರು. ಮುಚ್ಚುಮರೆಯ ಮಾತು ಅವರಿಗೆ ಬರುವುದಿಲ್ಲ.

"ಏನಾಗೇದ ಈ ವಾರ್ತಾ ಓದಾಂವಗ? ಬಾವ್ಯಾಗ ಬಿದ್ದಾನೇನು?"

"ಸ್ವಲ್ಪ ಪ್ರತಿಧ್ವನಿ ಇದೆ, ಅಷ್ಟೇ ರೀ."

"ಅಷ್ಟ ಅಲ್ಲ. ತಳಾ ಮುಟ್ಟ್ಯಾನ."

ಊಟ ಮುಗಿಸಿ ಅಡ್ಡಾಗಲು ಹೋದವರು ಎರಡೇ ನಿಮಿಷಕ್ಕೆ ತಿರುಗಿ ಬಂದರು. ಕೈಯಲ್ಲಿ ದಿಂಬಿನ ಖಾಲಿ ಚೀಲ.

"ಅಂವ ಬಾವ್ಯಾಗ ಬಿದ್ದದ್ದು ಬಿದ್ದ, ಇರಲಿ. ಬೀಳೂ ಮುಂದ ನನ್ನ ತಲಿದಿಂಬ ಯಾಕ ಒಯ್ದ?"

೨. ಖಾನಾಪುರದ ಮಣ್ಣು

ತಗಡು ನಡುಗುತ್ತದೆ, ಮಣ್ಣು ನಡುಗುವುದಿಲ್ಲ. ಹಾಗಾದರೆ ಗಡಿಗೆಯಲ್ಲೇ ಸ್ಪೀಕರ್ ಕೂರಿಸಬೇಕು ಎಂದು ನಿಶ್ಚಯಿಸಿ ಖಾನಾಪುರಕ್ಕೆ ಹೋದೆ. ಅಲ್ಲಿನ ಕುಂಬಾರರ ಕೈ ಹೆಸರಾದದ್ದು. ಹೊಟ್ಟೆಯಲ್ಲಿ ಆರು ಅಂಗುಲದ ದುಂಡು ತೂತಿರುವ ಎರಡು ಗಡಿಗೆ ಬೇಕು ಎಂದೆ.

ಕುಂಬಾರ ಚಕ್ರ ನಿಲ್ಲಿಸಿದ. "ಅಕ್ಕಾರ, ಗಡಿಗ್ಯಾಗ ಸೂಜಿಮೊನಿಯಷ್ಟ ತೂತ ಇದ್ದರ ಮಂದಿ ಜಗಳಕ್ಕ ಬರ್ತಾರ. ನೀವು ಆರ ಅಂಗುಲದ್ದು ಕೇಳಾಕತ್ತೀರಿ."

ಸ್ಪೀಕರಿನ ವಿಷಯ ವಿವರಿಸಿದೆ. ಅವನು ತಲೆ ಕೆರೆದುಕೊಂಡು, "ಆತ್ರಿ, ಆರ ಬೇಕಂದ್ರ ಹಸೀಮಣ್ಣಾಗ ಆರೂವರಿ ಮೇಲ ಕೊರೀಬೇಕ್ರಿ," ಎಂದ.

ಅಳತೆಯಲ್ಲಿ ಅಂದಾಜು ಕೂಡದು ಎಂದು ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿದವಳು ನಾನು. "ಆರು ಅಂದರೆ ಆರು," ಎಂದು ಚೀಲದಿಂದ ಕೈವಾರ ತೆಗೆದು ಹಸಿ ಗಡಿಗೆಯ ಮೇಲೆ ನಾನೇ ಗೀರಿ ಕೊಟ್ಟೆ.

ಹದಿನೈದು ದಿನ ಬಿಟ್ಟು ಹೋದರೆ, ಸುಟ್ಟ ಗಡಿಗೆಯ ತೂತಿನಲ್ಲಿ ನನ್ನ ಸ್ಪೀಕರ್ ಹಿಡಿಸಲೇ ಇಲ್ಲ. ಒತ್ತಿದೆ, ತಿರುಗಿಸಿದೆ, ಮತ್ತೆ ಒತ್ತಿದೆ. ಒಣಗಿ ಸುಟ್ಟ ಮಣ್ಣು ಕುಗ್ಗುತ್ತದೆ ಎಂಬುದು ಆಗ ನೆನಪಾಯಿತು. ಏಳನೆಯ ಇಯತ್ತೆಯ ಮಕ್ಕಳಿಗೂ ಗೊತ್ತಿರುವ ಸಂಗತಿ.

"ಆದರೆ ನಾನು ಸರಿಯಾಗಿ ಆರೇ ಗೀರಿದ್ದೆನಲ್ಲ!" ಎಂದೆ.

"ನೀವು ಬರೋಬರಿನ ಗೀರೀರಿ ಅಕ್ಕಾರ," ಎಂದು ಅವನು ಸಮಾಧಾನ ಹೇಳಿದ. "ಮಣ್ಣ ನಿಮ್ಮ ಸಾಲಿಗೆ ಬಂದಿಲ್ಲ, ಅಷ್ಟ."

೩. ಪ್ಯಾಸೆಂಜರ್ ಗಾಡಿ

ಎರಡನೆಯ ಸಲ ಕುಂಬಾರನ ಅಳತೆಯೇ ನಡೆಯಿತು, ತೂತು ಸರಿಯಾಗಿ ಬಂತು. ಎರಡೂ ಗಡಿಗೆಗಳನ್ನು ಎರಡು ಕಂಕುಳಲ್ಲಿ ಅವುಚಿಕೊಂಡು ಬೆಳಗಾವಿಯ ಪ್ಯಾಸೆಂಜರ್ ಹತ್ತಿದೆ.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಆದರೆ ನನ್ನನ್ನು ಕಂಡದ್ದೇ ಮಂದಿ ಸರಿದು ದಾರಿ ಬಿಟ್ಟರು. ಒಬ್ಬ ಎದ್ದು ಸೀಟು ಬಿಟ್ಟುಕೊಟ್ಟ. ಇಸ್ಪೀಟು ಆಡುತ್ತಿದ್ದವರು ಎಲೆ ಮಡಚಿಟ್ಟರು. ಈ ಊರಿನವರಿಗೆ ಟೀಚರುಗಳ ಮೇಲೆ ಎಂಥ ಗೌರವ ಎಂದು ನನ್ನ ಮನಸ್ಸು ತುಂಬಿ ಬಂತು.

ದೇಸೂರು ದಾಟಿದ ಮೇಲೆ ಎದುರಿಗಿದ್ದ ಮುದುಕಿ ನನ್ನ ಮೊಣಕಾಲ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದಳು. "ಯಾರ ಹೋದರವ್ವಾ?"

ಆಗ ಹೊಳೆಯಿತು. ಹೊಸ ಗಡಿಗೆಗೆ ಯಾರಾದರೂ ಬೇಕೆಂದೇ ತೂತು ಮಾಡುವುದು ಸ್ಮಶಾನದಲ್ಲಿ ಮಾತ್ರ, ಚಿತೆಯನ್ನು ಸುತ್ತುವಾಗ. ನಾನೋ ಎರಡು ಹಿಡಿದು ಕೂತಿದ್ದೆ.

"ಯಾರೂ ಹೋಗಿಲ್ಲಮ್ಮ," ಎಂದೆ ಗಡಿಬಿಡಿಯಿಂದ. "ಇದು ಹಾಡು ಕೇಳೋದಕ್ಕೆ."

ಮುದುಕಿ ನನ್ನ ಮುಖವನ್ನೇ ನೋಡಿದಳು. ಗಡಿಗೆಗಳನ್ನು ಒಂದು, ಎರಡು ಎಂದು ನೋಡಿದಳು. ಆಮೇಲೆ ಪಕ್ಕದವಳ ಕಡೆ ತಿರುಗಿ, "ಪಾಪ, ಇಬ್ಬರೂ ಒಮ್ಮೆಲೇ ಹೋಗ್ಯಾರ. ತಲಿ ಕೆಡದ ಏನ ಮಾಡೀತ?" ಎಂದಳು.

೪. ಬಾಜೂಮನೆಯ ಚಟ್ನಿ

ಗಡಿಗೆಗಳು ಚೆನ್ನಾಗಿಯೇ ಹಾಡಿದವು. ಆದರೆ ಟೇಪ್ ರೆಕಾರ್ಡರಿನಿಂದ, ದನಿ ಹೆಚ್ಚಿಸಲೆಂದು ತಂದಿದ್ದ ಆಂಪ್ಲಿಫೈಯರಿಗೆ ನಾನೇ ಹೆಣೆದು ಹಾಕಿದ್ದ ತಂತಿಯಲ್ಲಿ ಒಂದು ಊನವಿತ್ತು. ರಾಮತೀರ್ಥ ನಗರದಲ್ಲಿ ನಮ್ಮ ಪಕ್ಕದ ಮನೆಯಾಕೆ, ನಾನು ಅತ್ತಿಗೆ ಎಂಬರ್ಥದಲ್ಲಿ ವೈನಿ ಎಂದು ಕರೆಯುವವರು, ಮಿಕ್ಸರ್ ಹಾಕಿದರೆ ಸಾಕು, ನಮ್ಮ ಎರಡೂ ಗಡಿಗೆ ಗರ್ರೆನ್ನುತ್ತಿದ್ದವು.

ಒಂದು ದಿನ ಕಂಪೌಂಡಿನಾಚೆಯಿಂದ ಹೇಳಿದೆ. "ವೈನಿ, ಇವತ್ತು ಚಟ್ನಿ ತಡವಾಯಿತಲ್ಲ? ಎರಡು ಸಲ ಬೇರೆ ತಿರುಗಿಸಿದಿರಿ."

"ನಿಮಗ ಹ್ಯಾಂಗ ಗೊತ್ತಾತ್ರಿ ಟೀಚರ್?"

"ನಮ್ಮ ಸ್ಪೀಕರಿನಲ್ಲಿ ಎಲ್ಲಾ ಕೇಳುತ್ತಲ್ಲ."

ಎಲ್ಲಾ ಎಂದದ್ದು ಅತಿಯಾಯಿತು. ವೈನಿಯ ಮುಖ ಬಿಳಿಚಿತು. ಮರುದಿನವೇ ನಾನು ತಂತಿಗೆ ಜಾಲರಿ ಹೊದಿಸಿ ಸದ್ದು ನಿಲ್ಲಿಸಿದೆ. ಆದರೂ ಅವರು ಮುಂದೆ ಒಂದು ವರ್ಷ ತಮ್ಮ ಅತ್ತೆಯ ಮಾತು ತೆಗೆಯಬೇಕಾದರೆ ಮೊದಲು ಮಿಕ್ಸರಿನ ಪ್ಲಗ್ ಕಿತ್ತಿಡುತ್ತಿದ್ದರು.

೫. ಅಮ್ಮನ ತಂಬಿಗೆ

ಸದ್ದು ನಿಂತರೂ ನನ್ನ ತಂತಿಯ ಹುಚ್ಚು ನಿಲ್ಲಲಿಲ್ಲ. ಆಗಷ್ಟೇ ಊರಲ್ಲಿ ತೆರೆದಿದ್ದ ಸೈಬರ್ ಕೆಫೆಯಲ್ಲಿ ಒಂದು ತಾಸು ಕೂತು ಓದಿದೆ. ಸ್ಪೀಕರಿಗೆ ತಾಮ್ರದ ತಂತಿ ಒಳ್ಳೆಯದು, ಬೆಳ್ಳಿಯದು ಅದಕ್ಕಿಂತ ಒಳ್ಳೆಯದು ಎಂದು ಯಾರೋ ಪುಣ್ಯಾತ್ಮ ಬರೆದಿದ್ದ. ಮನೆಯಲ್ಲಿ ಬೆಳ್ಳಿ ಇದ್ದದ್ದು ಒಂದೇ. ನನ್ನ ಮದುವೆಯಲ್ಲಿ ಅಮ್ಮ ಕೊಟ್ಟ ಪುಟ್ಟ ತಂಬಿಗೆ.

ಅಕ್ಕಸಾಲಿ ಪತ್ತಾರರ ಅಂಗಡಿಗೆ ಒಯ್ದು, ಇದನ್ನು ಕರಗಿಸಿ ಎಂಟೆಂಟು ಅಡಿಯ ನಾಲ್ಕು ಎಳೆ ಎಳೆದುಕೊಡಿ ಎಂದೆ. ಪತ್ತಾರರು ಕನ್ನಡಕ ಏರಿಸಿದರು. "ಯಾವ ದೇವರಿಗ್ರೀ? ಇಷ್ಟ ಉದ್ದ ಉಡದಾರ ಹಾಕ್ಕೊಳ್ಳೂ ದೇವರನ್ನ ನಾ ನೋಡಿಲ್ಲ."

ತಂತಿ ಬಂದ ದಿನ ಮನೆಯವರಿಗೆ ವಿಷಯ ತಿಳಿಯಿತು. ಅವರು ಬೈಯಲಿಲ್ಲ. "ದೀಪಾವಳಿಗೆ ನಿಮ್ಮ ಅಕ್ಕ ಬರಾವ್ರ ಇದ್ದಾರಲ್ಲ, ಅವ್ವನ ತಂಬಿಗಿ ಎಲ್ಲಿ ಅಂತ ಕೇಳಿದರ ಏನ ಹೇಳತೀ?" ಎಂದರು, ಅಷ್ಟೇ. ಅಕ್ಕ ಪ್ರತಿಸಲವೂ ಆ ತಂಬಿಗೆಯಲ್ಲೇ ನೀರು ಕುಡಿಯುವವಳು. ಇನ್ನು ಒಂದೇ ದಾರಿ. ಬೆಳ್ಳಿ ತಂತಿಯ ದನಿ ಎಂಥ ಕಿವಿಗೂ ಬೇರೆ ಎಂದು ಗೊತ್ತಾಗಬೇಕು. ಇಲ್ಲದಿದ್ದರೆ ನಾನು ಅಮ್ಮನ ನೆನಪನ್ನು ಕರಗಿಸಿ ವೈರ್ ಮಾಡಿದ ಪಾಪಿ.

ಗಡಿಗೆಗಳಿಗೆ ಹಳೆಯ ತಂತಿಯನ್ನೂ ಬೆಳ್ಳಿ ತಂತಿಯನ್ನೂ ಎರಡನ್ನೂ ಜೋಡಿಸಿದೆ. ಆಂಪ್ಲಿಫೈಯರಿನ ಮೇಲೆ ಒಂದು ತಿರುಗುವ ಗುಂಡಿ ಕೂರಿಸಿದೆ. ಎಡಕ್ಕೆ ತಿರುಗಿಸಿದರೆ ಹಾಡು ಹಳೆಯ ತಂತಿಯಲ್ಲಿ ಹೋಗಬೇಕು, ಬಲಕ್ಕೆ ತಿರುಗಿಸಿದರೆ ಬೆಳ್ಳಿಯದರಲ್ಲಿ.

ಅಕ್ಕ ಬಂದಳು. ಬಂದವಳೇ, "ನೀರು ಕೊಡೇ. ಅಮ್ಮನ ತಂಬಿಗೆ ಎಲ್ಲಿ?" ಎಂದಳು.

"ಕೂತ್ಕೋ ಅಕ್ಕ, ಕೇಳಿಸ್ತೀನಿ."

"ತಂಬಿಗೇನ ಕೇಳಿಸ್ತೀಯಾ?"

ವೈನಿಯನ್ನೂ ಕರೆದು ಕೂರಿಸಿದೆ. ಮನೆಯವರು ಬಾಗಿಲಲ್ಲಿ ಕೈಕಟ್ಟಿ ನಿಂತರು. ಸಿತಾರಿನ ಕ್ಯಾಸೆಟ್ ಹಾಕಿ, "ಇದು ಮಾಮೂಲು ತಂತಿ," ಎಂದೆ. ಸ್ವಲ್ಪ ಹೊತ್ತು ಬಿಟ್ಟು ಗುಂಡಿ ತಿರುಗಿಸಿ, "ಇದು ಅಮ್ಮನ ತಂಬಿಗೆ, ಕರಗಿಸಿ ತಂತಿ ಎಳೆಸಿದ್ದೀನಿ," ಎಂದೆ.

ಅಕ್ಕ ಕಣ್ಣು ಮುಚ್ಚಿದಳು. ಅವಳ ಕೆನ್ನೆಯ ಮೇಲೆ ನೀರಿಳಿಯಿತು. "ಹೌದು ಕಣೇ. ಏನು ತಂಪು! ಅಮ್ಮ ಕೊಟ್ಟಿದ್ದು ಎಲ್ಲೂ ಹೋಗಿಲ್ಲ ಬಿಡು."

"ತಂತಿ ಒಂದೊಂದೂ ಬ್ಯಾರೆ ಬ್ಯಾರೆ ಕೇಳತದ ನೋಡ್ರಿ," ಎಂದರು ವೈನಿ.

ಮನೆಯವರು ಕೈ ಬಿಚ್ಚಿದರು. "ಖರೇ ಹೇಳತೀನಿ, ನಾ ನಂಬಿರಲಿಲ್ಲ. ಬೆಳ್ಳಿ ಅಂದರ ಬೆಳ್ಳಿ." ಆ ದಿನ ನನಗೂ ಸಿತಾರಿನವನ ಉಗುರಿನ ಸದ್ದು ಕೂಡ ಕೇಳಿಸಿತ್ತು. ಆಣೆ ಮಾಡಿ ಹೇಳಲು ಸಿದ್ಧಳಿದ್ದೆ.

ಅಕ್ಕ ಊರಿಗೆ ಹೋದ ಮರುದಿನ ಧೂಳು ಒರೆಸುತ್ತಿದ್ದೆ. ಗುಂಡಿ ಕಿತ್ತು ಕೈಗೆ ಬಂತು. ಅದನ್ನು ಒಳಗಿನ ಕಡ್ಡಿಗೆ ಬಿಗಿಯುವ ಸಣ್ಣ ತಿರುಪನ್ನು ಹಾಕಲು ನಾನೇ ಮರೆತಿದ್ದೆ. ಗುಂಡಿ ಸುಮ್ಮನೆ ತಿರುಗಿತ್ತು, ಒಳಗಿನ ಕಡ್ಡಿ ಎಡದಿಂದ ಕದಲಿರಲೇ ಇಲ್ಲ. ನಾವು ನಾಲ್ವರೂ ಎರಡು ಸಲವೂ ಕೇಳಿದ್ದು ಬಜಾರಿನಲ್ಲಿ ಅಳೆದು ಕೊಡುವ ಮಾಮೂಲು ತಂತಿಯನ್ನು.

ಬಾಗಿಲು ಮುಂದಕ್ಕೆಳೆದು, ತಿರುಪು ಬಿಗಿದು, ಈ ಸಲ ನಿಜವಾಗಿ ಬಲಕ್ಕೆ ತಿರುಗಿಸಿದೆ. ಬೆಳ್ಳಿ ಹಾಡತೊಡಗಿತು. ಮನೆಯವರು ಹೊರಗೆ ಪೇಪರ್ ಓದುತ್ತಿದ್ದವರು ಅಲ್ಲಿಂದಲೇ ಕೂಗಿದರು.

"ಏನ ಮಾಡಿದಿ? ಮತ್ತ ನೆಗಡಿ ಹತ್ತಿದಂಗ ಆತಲ್ಲ!"

ಒಂದು ಗಡಿಗೆಯ ಬೆಳ್ಳಿ ಎಳೆಗಳನ್ನು ಅದಲುಬದಲು ಬೆಸೆದಿದ್ದೆ, ಅದಕ್ಕೇ ಒಂದರ ದನಿ ಇನ್ನೊಂದರದನ್ನು ತಿನ್ನುತ್ತಿತ್ತು ಎಂದು ನನಗೆ ಗೊತ್ತಾದದ್ದು ತಿಂಗಳಾದ ಮೇಲೆ. ಆ ಹೊತ್ತಿಗೆ ತಿಳಿದದ್ದು ಇಷ್ಟೇ, ಬಾಯಿ ಬಿಟ್ಟರೆ ಅಕ್ಕ ತಂಬಿಗೆಯ ಲೆಕ್ಕ ಕೇಳಲು ಮತ್ತೆ ರೈಲು ಹತ್ತುತ್ತಾಳೆ. ಸುಮ್ಮನೆ ಗುಂಡಿಯನ್ನು ಎಡಕ್ಕೆ, ಮಾಮೂಲು ತಂತಿಗೆ ತಿರುಗಿಸಿದೆ.

ಹೊರಗಿನಿಂದ ಸಮಾಧಾನದ ಉಸಿರು ಕೇಳಿಸಿತು. "ಹಾಂ! ಈಗ ಬಂತ ನೋಡ ಬೆಳ್ಳಿ ದನಿ. ಇನ್ನೊಮ್ಮೆ ನಿಮ್ಮ ಅವ್ವನ ತಂಬಿಗಿ ತಗದು ಆ ಹಾಳ ವಾಯರ್ ಹಚ್ಚಿದರ ನೋಡ ಮತ್ತ!"