ಸೋರುವ ಸೂರಿಗೆ ಎಷ್ಟು ಮಾರ್ಕು?

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ, ನನಗೆ ಮಾರ್ಕು ಕೊಡುವ ಚಟ. ಇದನ್ನು ಒಪ್ಪಿಕೊಳ್ಳಲು ನನಗೇನೂ ಸಂಕೋಚವಿಲ್ಲ, ಏಕೆಂದರೆ ಇದು ನಾನಾಗಿ ಅಂಟಿಸಿಕೊಂಡದ್ದಲ್ಲ, ಹೊಟ್ಟೆಪಾಡಿನಿಂದ ಬಂದದ್ದು. ವಿಮಾನಪುರದ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವನು ನಾನು. ಬೇರೆಯವರು ಮಾಡಿದ ಬಿಡಿಭಾಗವನ್ನು ಬೆಳಕಿಗೆ ಹಿಡಿಯುವುದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಕಂಡರೂ ಪಕ್ಕಕ್ಕೆ ತಳ್ಳುವುದು, ಇಷ್ಟೇ ನನ್ನ ಉದ್ಯೋಗ. ನಾನಾಗಿ ಒಂದು ಮೊಳೆಯನ್ನೂ ಮಾಡಿದವನಲ್ಲ. ನಿವೃತ್ತನಾದ ಮೇಲೆ ತಳ್ಳಲು ಏನೂ ಸಿಗದೆ ಹೋಟೆಲಿನ ಇಡ್ಲಿ, ಮೆಟ್ರೋ ನಿಲ್ದಾಣದ ಎಸ್ಕಲೇಟರು, ನೆಂಟರ ಮದುವೆಯ ಊಟ, ಹೀಗೆ ಕಣ್ಣಿಗೆ ಬಿದ್ದದ್ದಕ್ಕೆಲ್ಲ ಹತ್ತಕ್ಕೆ ಇಷ್ಟು ಎಂದು ಹಾಕುತ್ತ ಬಂದೆ. ಒಮ್ಮೆ ನನ್ನ ಹೆಂಡತಿ ಜಯಮ್ಮನ ಹುಳಿಗೆ ಆರೂವರೆ ಕೊಟ್ಟೆ. ಮಾರನೆಯ ದಿನ ತಟ್ಟೆಗೆ ಬರಿಯ ಅನ್ನ ಬಂತು. ಹುಳಿ ಎಲ್ಲಿ ಎಂದು ಕೇಳಿದರೆ, ಹತ್ತಕ್ಕೆ ಹತ್ತು ಬಂದ ಮೇಲೆ ಬಡಿಸುತ್ತೇನೆ, ಅಲ್ಲಿಯವರೆಗೆ ಕಾಯಿರಿ ಎಂದಳು. ನಾನು ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡೆ.

ಇಂಥವನನ್ನು ನಮ್ಮ ಹಲಸೂರಿನ ವಾರ್ಡ್ ಸಮಿತಿಯವರು ಹುಡುಕಿಕೊಂಡು ಬಂದರು. ವಾರ್ಡಿನ ಸಾರ್ವಜನಿಕ ಕಟ್ಟಡವೊಂದರ ದುರಸ್ತಿಗೆ ಪಾಲಿಕೆಯ ಅನುದಾನ ಬಂದಿತ್ತು. ಅರ್ಜಿ ಹಾಕಿದ್ದು ಮೂರು ಕಟ್ಟಡದವರು, ಹಣವಿದ್ದದ್ದು ಒಂದಕ್ಕೆ ಮಾತ್ರ. ಯಾರಿಗೆ ಕೊಟ್ಟರೂ ಇನ್ನಿಬ್ಬರ ಬೈಗುಳ ತಪ್ಪದೆಂದು ತಿಳಿದಿದ್ದ ಸಮಿತಿಯ ಹಿರಿಯರು, ಆ ಬೈಗುಳವನ್ನು ಸಂಭಾವನೆಯಿಲ್ಲದೆ ಹೊರುವವರಿಗಾಗಿ ಹುಡುಕುತ್ತಿದ್ದರು. ಹಾಗೆ ಮೂವರ ಉಪಸಮಿತಿಯಾಯಿತು. ನಾನು ಒಬ್ಬ. ಶಿವಾಜಿನಗರದಲ್ಲಿ ಗುಂಡಿ, ಜಿಪ್ಪು, ಲೈನಿಂಗ್ ಬಟ್ಟೆಯ ಅಂಗಡಿಯಿಟ್ಟಿರುವ ನಮ್ಮ ಬೀದಿಯ ಸಲೀಂ ಸಾಹೇಬರು ಇನ್ನೊಬ್ಬರು. ಮೂರನೆಯವಳು ಸಹನಾ ಎಂಬ ಪಾಲಿಕೆಯ ಕಿರಿಯ ಇಂಜಿನಿಯರು, ಕೈಯಲ್ಲಿ ಸದಾ ಫೋನು ಹಿಡಿದು ಫೋಟೋ ತೆಗೆಯುವ ಚುರುಕು ಹುಡುಗಿ. ಅಂಕಪಟ್ಟಿ ತಯಾರಿಸುವ ಹೊಣೆ ನನಗೇ ಬಂತು. ಬಂತು ಎನ್ನುವುದಕ್ಕಿಂತ, ಬೇರೆ ಯಾರೂ ಬಾಯಿ ತೆರೆಯುವ ಮೊದಲೇ ನಾನು ಕಿತ್ತುಕೊಂಡೆ ಎನ್ನುವುದು ಸರಿ. ಜನ ಎಷ್ಟು ಬಳಸುತ್ತಾರೆ ಎಂಬುದಕ್ಕೆ ಐವತ್ತು, ಎಷ್ಟು ಹಾಳಾಗಿದೆ ಎಂಬುದಕ್ಕೆ ಐವತ್ತು. ಕೊನೆಯಲ್ಲಿ ಒಂದು ನಿಯಮ ಬರೆದು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದೆ: ಪರಿಶೀಲನೆಯ ದಿನ ಕಣ್ಣಿಗೆ ಕಂಡದ್ದಕ್ಕೆ ಮಾತ್ರ ಅಂಕ, ಕೇಳಿದ್ದಕ್ಕೂ ಮೊದಲೇ ಗೊತ್ತಿದ್ದದ್ದಕ್ಕೂ ಇಲ್ಲ.

ಆ ಮೂರು ಕಟ್ಟಡಗಳಲ್ಲಿ ಒಂದು ಮಾರುಕಟ್ಟೆಯ ಹಿಂದಿನ ಎರಡಂತಸ್ತಿನ ಸಮುದಾಯ ಭವನ. ಇನ್ನೊಂದು ಹಳೆಯ ಗರಡಿ ಮನೆ. ಮೂರನೆಯದು ಮಹಿಳಾ ಸಮಾಜದ ಹೆಂಚಿನ ಕಟ್ಟಡ. ನನ್ನ ಸಂಕಟ ಶುರುವಾದದ್ದು ಈ ಮೂರನೆಯದರಿಂದ, ಏಕೆಂದರೆ ಅಲ್ಲಿ ಹೊಲಿಗೆ ತರಗತಿ ನಡೆಸುವವಳು ಜಯಮ್ಮ. ಎಂಟು ಮಿಷನ್ನುಗಳಿವೆ. ಕಲಿಯುವುದಕ್ಕೆ ಬರುವವರಿಗಿಂತ ಅಲ್ಲಿಯೇ ಕೂತು ಹೊಲಿದು ಸಂಸಾರ ನಡೆಸುವವರೇ ಹೆಚ್ಚು. ಸೆಲ್ವಿ ಎಂಬಾಕೆಗೆ ಮಹಡಿಯ ಮೇಲೊಂದು ಕೋಣೆಯ ಮನೆ, ಗಂಡ ಕಾಲು ಮುರಿದುಕೊಂಡು ಮಲಗಿದ್ದಾನೆ, ಮಂಚ ಹಾಕಿದರೆ ಮಿಷನ್ನಿಗೆ ಜಾಗವಿಲ್ಲ. ಮಹಿಳಾ ಸಮಾಜದ ಬಾಗಿಲು ಮುಚ್ಚಿದ ದಿನ ಅವಳ ಒಲೆಯೂ ಹತ್ತುವುದಿಲ್ಲ. ಆ ಸೂರಾದರೋ ಮಳೆ ಬಂದರೆ ಜರಡಿ. ನನಗಿದು ಚೆನ್ನಾಗಿ ಗೊತ್ತಿತ್ತು. ಕಳೆದ ಮಳೆಗಾಲದಲ್ಲಿ ನಮ್ಮ ಬಚ್ಚಲಮನೆಯ ಬಕೆಟ್ಟುಗಳೆಲ್ಲ ಆ ಸೂರಿನ ಕೆಳಗೇ ಇದ್ದವು, ನಾನು ಕುಕ್ಕರಿನ ಪಾತ್ರೆಯಲ್ಲಿ ನೀರು ತೋಡಿಕೊಂಡು ಸ್ನಾನ ಮಾಡಿದ್ದೆ. ಆದರೂ ಹೆಂಡತಿಯೆಂದು ಒಂದು ಮಾರ್ಕೂ ಹೆಚ್ಚಿಗೆ ಕೊಡುವವನಲ್ಲ ಎಂದು ಮೊದಲೇ ಗಂಭೀರವಾಗಿ ಘೋಷಿಸಿದೆ.

"ಮಾರ್ಕ್ ಯಾರ್ ಕೇಳಿದ್ರು ರೀ? ಯಾವತ್ತು ಬರ್ತೀರಾ, ಎಷ್ಟ್ ಜನ ಬರ್ತೀರಾ, ಅಷ್ಟು ಹೇಳಿ ಸಾಕು" ಎಂದಳು ಜಯಮ್ಮ. ನಾನು ಹೇಳಿದೆ.

ಮೊದಲು ಹೋದದ್ದು ಸಮುದಾಯ ಭವನಕ್ಕೆ. ಅಲ್ಲಿನ ಮ್ಯಾನೇಜರ್ ವರದಪ್ಪ ತೋಳು ಹರಿದ ಬನಿಯನ್ನಿನಲ್ಲಿ ಬಂದು ಕೈಮುಗಿದು, ತಮ್ಮಂಥವರನ್ನು ಕೂರಿಸಲು ಒಂದು ಕುರ್ಚಿಗೂ ಗತಿಯಿಲ್ಲ ಎಂದು ಕಣ್ಣೊರೆಸಿಕೊಂಡ. ಸೂರಿನಲ್ಲಿ ಬರಿಯ ಕೊಕ್ಕೆಗಳು, ಫ್ಯಾನುಗಳಿಲ್ಲ. ಬಲ್ಬಿಲ್ಲದ ಹೋಲ್ಡರುಗಳು. ನಾಲ್ಕು ಮೂಲೆಯಲ್ಲೂ ಸೋರುವ ನೀರಿಗೆಂದು ಬಕೆಟ್ಟು, ಅದೂ ಬಿರುಬೇಸಿಗೆಯಲ್ಲಿ. ಕುಡಿಯಲು ನೀರು ಕೇಳಿದರೆ ನಲ್ಲಿ ಕೆಟ್ಟಿದೆ ಎಂದ. ಇಷ್ಟು ಅಚ್ಚುಕಟ್ಟಾಗಿ ಹಾಳಾದ ಕಟ್ಟಡವನ್ನು ನಾನು ನೋಡಿರಲಿಲ್ಲ. ಹಾಳಾದದ್ದಕ್ಕೆ ಐವತ್ತಕ್ಕೆ ನಲವತ್ತೆಂಟು ಕೊಟ್ಟೆ. ಗರಡಿ ಮನೆಯವರು ಏನನ್ನೂ ಮುಚ್ಚಿರಲಿಲ್ಲ, ಏನನ್ನೂ ಬಿಚ್ಚಿರಲಿಲ್ಲ, ಏಕೆಂದರೆ ನಾವು ಬರುತ್ತೇವೆಂಬುದೇ ಅವರಿಗೆ ಮರೆತುಹೋಗಿತ್ತು. ಒಬ್ಬ ಮುದಿ ಪೈಲ್ವಾನರು ಕೆಮ್ಮಣ್ಣಿನ ಅಖಾಡದ ಪಕ್ಕ ಪತ್ರಿಕೆ ಓದುತ್ತಿದ್ದರು. ಬಿರುಕು ಬಿಟ್ಟ ಗೋಡೆಯನ್ನು ಕುರಿತು ಕೇಳಿದರೆ ಅದು ಅವರ ಗುರುಗಳ ಕಾಲದ ಬಿರುಕು ಎಂದು ಅಭಿಮಾನದಿಂದ ತೋರಿಸಿದರು. ಮೂವತ್ತು ಕೊಟ್ಟೆ.

ಮಹಿಳಾ ಸಮಾಜದ ಬೀದಿಗೆ ತಿರುಗುತ್ತಿದ್ದಂತೆ ಸುಣ್ಣದ ವಾಸನೆ ಬಂತು. ಬಾಗಿಲಿಗೆ ಮಾವಿನ ತೋರಣ, ಮುಂದೆ ಬಣ್ಣದ ರಂಗೋಲಿ. ಒಳಗೆ ಅಕ್ಕಪಕ್ಕದ ಮನೆಗಳಿಂದ ತಂದ ಕುರ್ಚಿಗಳು, ಅವುಗಳಲ್ಲಿ ಎರಡು ನಮ್ಮವೇ. ಗೋಡೆಯ ದೊಡ್ಡ ಬಿರುಕಿನ ಮೇಲೆ ಕಸೂತಿಯ ಪರದೆ. ಒದ್ದೆ ಕಲೆಗಳಿದ್ದ ಸೂರಿಗೆ ಅಡ್ಡಲಾಗಿ ಈ ಗೋಡೆಯಿಂದ ಆ ಗೋಡೆಗೆ ತಿಳಿಗುಲಾಬಿ ಬಟ್ಟೆಯನ್ನು ನಿರಿಗೆ ಹಿಡಿದು ಕಟ್ಟಿದ್ದರು, ಮದುವೆಯ ಚಪ್ಪರವೇ ಸರಿ. ಸೆಲ್ವಿ ಪನ್ನೀರು ಚಿಮುಕಿಸಿದಳು. ಕೇಸರಿಬಾತು ಬಂತು, ಕಾಫಿ ಬಂತು. ಸಹನಾ ಹತ್ತಾರು ಫೋಟೋ ತೆಗೆದಳು, ಎಲ್ಲವೂ ಸುಂದರವಾಗಿ ಬಂದವು. ಹಾಳಾದದ್ದು ಏನು ತೋರಿಸಿ ಎಂದು ಅವಳೇ ಕೇಳಿದಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ, ಅಂಥದ್ದೇನಿಲ್ಲಮ್ಮ, ಮೊದಲು ಕಾಫಿ ಕುಡೀರಿ ಎಂದರು.

ಇದಕ್ಕೆ ಅವರನ್ನು ಬೈಯುವುದು ಹೇಗೆ? ನೆಂಟರು ಬರುತ್ತಾರೆಂದರೆ ಮನೆಯ ಕಸಕಡ್ಡಿ, ಒಗೆಯದ ಬಟ್ಟೆ, ಮುರಿದ ಛತ್ರಿ ಎಲ್ಲವನ್ನೂ ಒಂದು ಕೋಣೆಗೆ ತುಂಬಿ ಬಾಗಿಲೆಳೆದುಕೊಳ್ಳದ ಮನೆ ನಮ್ಮಲ್ಲಿ ಯಾವುದಿದೆ? ನೆಂಟರೂ ಆ ಬಾಗಿಲನ್ನು ತೆರೆಯುವುದಿಲ್ಲ, ಅವರ ಮನೆಯಲ್ಲೂ ಅಂಥದ್ದೊಂದು ಕೋಣೆಯಿರುತ್ತದೆ. ನನ್ನ ತಾಯಿ ಡಾಕ್ಟರ ಹತ್ತಿರ ಹೋಗುವಾಗ ತಲೆ ಬಾಚಿ, ಹೂ ಮುಡಿದು, ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋಗುತ್ತಿದ್ದಳು. ಹೇಗಿದ್ದೀರಮ್ಮ ಎಂದು ಅವರು ಕೇಳಿದರೆ, ಚೆನ್ನಾಗಿದೀನಪ್ಪ, ನೀವ್ ಹೇಗಿದೀರಾ ಎಂದು ವಿಚಾರಿಸುತ್ತಿದ್ದಳು. ಮೂರು ದಿನದ ಜ್ವರವನ್ನು ಡಾಕ್ಟರು ಅವಳಿಂದ ಬಾಯಿ ಬಿಡಿಸಬೇಕಾದರೆ ಅರ್ಧ ಗಂಟೆ ಬೇಕಾಗುತ್ತಿತ್ತು. ಆ ಡಾಕ್ಟರು ಬಾಯಿ ಬಿಡಿಸುತ್ತಿದ್ದರು. ನಾನು ಬಿಡಿಸಲಿಲ್ಲ, ಅಷ್ಟೇ ವ್ಯತ್ಯಾಸ.

ಸಲೀಂ ಸಾಹೇಬರು ಮಾತ್ರ ಕೇಸರಿಬಾತು ತಿನ್ನುವುದು ಬಿಟ್ಟು ಮೇಲೆ ನೋಡುತ್ತಿದ್ದರು. ಹೊರಗೆ ಬಂದ ಮೇಲೆ ನನ್ನ ತೋಳು ಹಿಡಿದು, "ಸಾರ್, ಆ ಬಟ್ಟೆ ಮೊನ್ನೆ ನಮ್ ಅಂಗ್ಡೀಲೇ ತಗೊಂಡ್ ಹೋದ್ರು. ಯಾತಕ್ಕಮ್ಮ ಅಂತ ಕೇಳ್ದೆ, ಸೂರು ಮುಚ್ಚೋಕೆ ಅಂದ್ರು. ಒಂದ್ಸಲ ಎತ್ತಿ ನೋಡೋಣ" ಎಂದರು.

ನಾನು ಅವರಿಗೆ ಕೆಂಪು ಗೆರೆ ಎಳೆದ ನಿಯಮ ತೋರಿಸಿದೆ. ಅಷ್ಟು ಸಾಲದೆಂಬಂತೆ, ಬಟ್ಟೆ ಮಾರಿದವರು ನೀವೇ ಆದದ್ದರಿಂದ ಈ ಕಟ್ಟಡದ ವಿಷಯದಲ್ಲಿ ನೀವು ಅಭಿಪ್ರಾಯ ಹೇಳುವಂತೆಯೇ ಇಲ್ಲ ಎಂದೂ ತೀರ್ಪು ಕೊಟ್ಟೆ. ಅವರು ಸೌಜನ್ಯವಂತರು, ನನ್ನ ತೋಳು ಬಿಟ್ಟರು. ಬಟ್ಟೆ ಮಾರಿದವರು ಮಾತನಾಡಬಾರದು, ಆ ಬಟ್ಟೆ ಕಟ್ಟಿದವಳ ಗಂಡ ಮಾರ್ಕು ಕೊಡಬಹುದು, ಇದರಲ್ಲಿ ನನಗೆ ಯಾವ ಅಸಂಗತಿಯೂ ಕಾಣಲಿಲ್ಲ. ಬಿರುಕು: ಇಲ್ಲ. ಸೋರಿಕೆ: ಕಂಡುಬಂದಿಲ್ಲ. ಐವತ್ತಕ್ಕೆ ನಾಲ್ಕು. ಆ ನಾಲ್ಕನ್ನು ಬರೆಯುವಾಗ ನನ್ನ ನಿಷ್ಪಕ್ಷಪಾತತೆಗೆ ನಾನೇ ತಲೆದೂಗಿದೆ. ಮನೆಗೆ ಬಂದು ಹೇಳಿದರೆ ಜಯಮ್ಮನೂ ತಲೆದೂಗುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು ಹೋಗಿ ನಮ್ಮ ಎರಡು ಕುರ್ಚಿಗಳನ್ನು ವಾಪಸು ತಂದಳು.

ಅನುದಾನ ಸಮುದಾಯ ಭವನಕ್ಕೆ ಎಂದು ಪ್ರಕಟವಾಯಿತು. ಅದೇ ವಾರ ಸಲೀಂ ಸಾಹೇಬರಿಗೂ ನನಗೂ ಅಲ್ಲೊಂದು ಆರತಕ್ಷತೆಗೆ ಕರೆ ಬಂತು. ತಲೆಯ ಮೇಲೆ ಫ್ಯಾನುಗಳೆಲ್ಲ ಬಿರುಸಾಗಿ ತಿರುಗುತ್ತಿದ್ದವು. ಮುನ್ನೂರು ಕುರ್ಚಿಗಳಿಗೂ ಬಿಳಿಯ ಹೊದಿಕೆ, ಹಿಂದೆ ರಿಬ್ಬನ್ನು. ಬಕೆಟ್ಟಿನಲ್ಲಿ ಐಸ್‌ಕ್ರೀಮು. ಕೋಟು ಹಾಕಿದ್ದ ವರದಪ್ಪ ನಮ್ಮನ್ನು ಕಂಡು ಮರೆಯಾದ. ಸಾಹೇಬರು ಮೇಲೆ ಒಮ್ಮೆ ನೋಡಿ, ಗಾಳಿ ಚೆನ್ನಾಗಿದೆ ಸಾರ್ ಎಂದರು, ಅಷ್ಟೆ. ಮಾರನೆಯ ದಿನ ಅವರೇ ಆಕ್ಷೇಪಣೆ ಬರೆದರು. ಭವನದ ಹೆಸರು ರದ್ದಾಗಿ, ಉಳಿದ ಎರಡರ ನಡುವೆ ಮರುಪರಿಶೀಲನೆ ಎಂದು ನಿರ್ಧಾರವಾಯಿತು. ಹೆಂಡತಿ ಅರ್ಜಿದಾರಳೆಂಬ ಕಾರಣಕ್ಕೆ ಈ ಸಲ ನನ್ನನ್ನು ಗೌರವಪೂರ್ವಕವಾಗಿ ಹೊರಗಿಟ್ಟರು.

ಅಷ್ಟರಲ್ಲಿ ಮಳೆ ಹಿಡಿಯಿತು. ಮೊದಲ ದಿನವೇ ಗುಲಾಬಿ ಬಟ್ಟೆ ನೀರು ತುಂಬಿ ಕುಂಬಳಕಾಯಿಯಂತೆ ಜೋತು ಬಿದ್ದು, ಸೆಲ್ವಿ ಹೊಲಿಯುತ್ತಿದ್ದ ಶಾಲೆಯ ಸಮವಸ್ತ್ರಗಳ ಮೇಲೆ ಹರಿದುಬಿತ್ತು. ಅವು ಒಣಗುವವರೆಗೆ ಕಾಯಲಾರೆವೆಂದು ಶಾಲೆಯವರು ಹೊಲಿಗೆಯ ಕೆಲಸವನ್ನು ಬೇರೆ ಕಡೆ ಕೊಟ್ಟರು. ಸೆಲ್ವಿ ಅಳಲಿಲ್ಲ, ನನ್ನನ್ನು ದೂರಲೂ ಇಲ್ಲ. ಎಂಟು ಮಿಷನ್ನುಗಳನ್ನು ಆಟೋದಲ್ಲಿ ತುಂಬಿಸಿ ನಮ್ಮ ಮನೆಯ ಹಜಾರಕ್ಕೆ ತಂದಿಳಿಸಿದಾಗ, "ಸ್ವಲ್ಪ ದಿನ ಸಾರ್, ಬೇಜಾರ್ ಮಾಡ್ಕೋಬೇಡಿ" ಎಂದಳು. ನನಗೆ ನಾಚಿಕೆಯಾಯಿತು. ಆ ನಾಲ್ಕು ಮಾರ್ಕು ಮೊದಲ ಸಲ ಮನಸ್ಸಿಗೆ ಚುಚ್ಚಿತು. ಮನೆ ಅಂದಿನಿಂದ ಕಿಷ್ಕಿಂಧೆ. ನಾನು ಪತ್ರಿಕೆ ಓದುವುದು ಮೆಟ್ಟಿಲ ಮೇಲೆ, ಊಟ ಅಡುಗೆಮನೆಯಲ್ಲಿ ನಿಂತುಕೊಂಡು, ಮಧ್ಯಾಹ್ನದ ನಿದ್ದೆ ಇಲ್ಲವೇ ಇಲ್ಲ. ಹೆಜ್ಜೆಯಿಟ್ಟಲ್ಲಿ ಗುಂಡುಸೂಜಿ.

ಮರುಪರಿಶೀಲನೆಯ ಹಿಂದಿನ ದಿನ ನಾನೇ ಹೆಂಗಸರನ್ನು ಕೂರಿಸಿ ಉಪನ್ಯಾಸ ಕೊಟ್ಟೆ. ಸುಣ್ಣ ಬೇಡ, ತೋರಣ ಬೇಡ, ಪರದೆ ಕಿತ್ತುಹಾಕಿ, ಬಿರುಕಿಗೆ ಕೈಯಿಟ್ಟು ತೋರಿಸಿ, ಮರ್ಯಾದೆ ಆಮೇಲೆ ನೋಡಿಕೊಳ್ಳೋಣ ಎಂದೆ. ಅವರು ಅಕ್ಷರಶಃ ಪಾಲಿಸಿದರು. ಸಹನಾ ಮತ್ತು ಸಾಹೇಬರು ಹೋದಾಗ ಒಡೆದ ಹೆಂಚು, ಕೊಳೆತ ತೊಲೆ, ಕೈ ತೂರುವ ಬಿರುಕು ಎಲ್ಲವೂ ಬಯಲಿಗೆ ಬಿದ್ದಿದ್ದವಂತೆ. ಸಾಹೇಬರು ಅಂಗಡಿಗೆ ಹೋಗುವ ದಾರಿಯಲ್ಲಿ ನನಗೆ ಫೋನು ಮಾಡಿ, ಐವತ್ತಕ್ಕೆ ನಲವತ್ತೊಂಬತ್ತು, ಕೆಲಸ ಆದ ಹಾಗೆ ಎಂದರು. ತರಗತಿ ಈಗ ನಡೆಯುವ ಜಾಗವನ್ನೂ ಒಮ್ಮೆ ನೋಡಲು ಸಹನಾ ಒಬ್ಬಳೇ ನಿಮ್ಮ ಮನೆಗೆ ಬರುತ್ತಿದ್ದಾಳೆ ಎಂದೂ ಹೇಳಿದರು.

ನಮ್ಮ ಮನೆಗೆ! ನಾನು ಸುತ್ತ ನೋಡಿದೆ. ದೊಡ್ಡ ಸರ್ಕಾರಿ ಇಂಜಿನಿಯರು ಬರುವ ಹೊತ್ತಿಗೆ ಮನೆ ಹೀಗಿದ್ದರೆ ಆಕೆ ಏನೆಂದುಕೊಂಡಾಳು? ಜಯಮ್ಮ ಇನ್ನೂ ಸಮಾಜದಿಂದ ಬಂದಿರಲಿಲ್ಲ. ಐದು ಮಿಷನ್ನುಗಳನ್ನು ಮಹಡಿಯ ಮೇಲೆ ಸಾಗಿಸಿದೆ. ಮನೆಯಲ್ಲಿದ್ದ ಹೆಂಗಸರಲ್ಲಿ ಅರ್ಧ ಜನರನ್ನು ಪಕ್ಕದ ಮನೆಗೆ ಕಳಿಸಿದೆ. ತುಂಡುಬಟ್ಟೆಗಳನ್ನು ಕೋಣೆಗೆ ತುಂಬಿ ಬಾಗಿಲೆಳೆದೆ. ಒದ್ದೆ ಹಿಡಿದಿದ್ದ ಗೋಡೆಗೆ ಹೊಸ ಕ್ಯಾಲೆಂಡರು ತೂಗುಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಾದೂಷಾ ತರಿಸಿ ಬಾಗಿಲಲ್ಲಿ ನಿಂತೆ. ಸಹನಾ ಬಂದು ಕೂತು, ಇಷ್ಟು ಜನಕ್ಕೆ ಜಾಗ ಸಾಕಾಗುತ್ತಾ ಸಾರ್, ನಿಮಗೆ ತೊಂದರೆ ಅಲ್ವಾ ಎಂದು ಕೇಳಿದಳು.

"ತೊಂದ್ರೆ ಏನಮ್ಮ? ಧಾರಾಳವಾಗಿದೆ. ಎಷ್ಟ್ ದಿನ ಬೇಕಾದ್ರೂ ಇರ್ಲಿ" ಎಂದೆ. ಆ ಹೊತ್ತಿಗೆ ಒಳಗೆ ಬಂದ ಜಯಮ್ಮ ನನ್ನನ್ನು ನೋಡಿದಳು. ಮೆಚ್ಚುಗೆಯ ನೋಟವಿರಬೇಕೆಂದು ನಾನು ಇನ್ನೊಂದು ಬಾದೂಷಾ ಬಡಿಸಿದೆ.

ವರದಿ ಬಂತು. ಮಹಿಳಾ ಸಮಾಜದ ಕಟ್ಟಡ ತೀರ ಶಿಥಿಲವಾಗಿರುವುದು ನಿಜ. ಆದರೆ ತರಗತಿಯು ಸದ್ಯ ಸುಸ್ಥಿತಿಯಲ್ಲಿರುವ, ವಿಶಾಲವಾದ ಬದಲಿ ಕಟ್ಟಡದಲ್ಲಿ, ಮಾಲೀಕರ ಪೂರ್ಣ ಸಮ್ಮತಿಯೊಂದಿಗೆ ನಡೆಯುತ್ತಿರುವುದರಿಂದ ದುರಸ್ತಿಯ ತುರ್ತು ಕಾಣುವುದಿಲ್ಲ. ಅನುದಾನ ಗರಡಿ ಮನೆಗೆ ಹೋಯಿತು. ಪೈಲ್ವಾನರಿಗೆ ಸುದ್ದಿ ತಿಳಿಸಿದಾಗ ಯಾವ ಅನುದಾನ ಎಂದು ಕೇಳಿದರಂತೆ.

ಸೆಲ್ವಿಯ ಮಿಷನ್ನು ಈಗ ನನ್ನ ಆರಾಮಕುರ್ಚಿ ಇದ್ದ ಜಾಗದಲ್ಲಿದೆ. ಆ ಶಾಲೆಯವರಲ್ಲಿಗೆ ನಾನೇ ನಾಲ್ಕು ಸಲ ಅಲೆದು ಸಮವಸ್ತ್ರದ ಕೆಲಸವನ್ನು ಅವಳಿಗೆ ಮತ್ತೆ ಕೊಡಿಸಿದ್ದೇನೆ, ಗುಂಡಿ ಹಚ್ಚುವುದನ್ನೂ ಕಲಿತಿದ್ದೇನೆ. ನಾನು ಹಚ್ಚಿದ ಗುಂಡಿಗಳನ್ನು ಅವಳು ಬೆಳಕಿಗೆ ಹಿಡಿದು ನೋಡಿ ಅರ್ಧದಷ್ಟನ್ನು ಪಕ್ಕಕ್ಕೆ ತಳ್ಳುತ್ತಾಳೆ. ಮುಂದಿನ ಅನುದಾನಕ್ಕೆ ಮಹಿಳಾ ಸಮಾಜದ ಅರ್ಜಿ ಸಿದ್ಧವಾಗಿದೆ. ಅದರ ಜೊತೆಗೆ ಒಂದು ಠರಾವನ್ನೂ ಅವರು ಸರ್ವಾನುಮತದಿಂದ ಪಾಸು ಮಾಡಿದ್ದಾರೆ: ಪರಿಶೀಲನೆಯ ದಿನ ಜಯಮ್ಮನವರ ಯಜಮಾನರು ಬೆಂಗಳೂರಿನಲ್ಲಿ ಇರಕೂಡದು.